ಅಗ್ಗದ ಷೇರು ಕೊಳ್ಳುವುದೂ ಇಲ್ಲದ ಷೇರು ಮಾರುವುದೂ ಒಂದೇ ಪಟ್ಟಿಯಲ್ಲಿ ಬೇಡ

ಮಾನ್ಯ ಸಂಪಾದಕರೇ,

ಬೀಳುವ ಷೇರುಪೇಟೆಯಲ್ಲಿ ದುಡ್ಡು ಮಾಡುವ ಬಗ್ಗೆ ಕಳೆದ ವಾರ ನಿಮ್ಮ ವಾಣಿಜ್ಯ ಪುಟದಲ್ಲಿ ಒಂದು ಲೇಖನ ಬಂದಿತ್ತು. ನಾನು ಅದನ್ನು ಎರಡು ಸಲ ಓದಿದೆ. ಮೊದಲ ಸಲ ಬೆಳಗ್ಗೆ ಪತ್ರಿಕೆ ಬಂದಾಗ. ಎರಡನೇ ಸಲ, ನನ್ನ ಅಕ್ಕನ ಮಗ ಅದನ್ನು ಕತ್ತರಿಸಿಕೊಂಡು ಬಂದು ನನ್ನ ಮುಂದೆ ಇಟ್ಟಾಗ. ಅವನಿಗೆ 24 ವರ್ಷ. ಕೆಲಸಕ್ಕೆ ಸೇರಿ ಹದಿನಾಲ್ಕು ತಿಂಗಳಾಗಿದೆ. ಲೇಖನದ ಜೊತೆ ಒಂದು ಪಟ್ಟಿ ಇತ್ತಲ್ಲ, ಅದರ ಎಡಗಡೆ ಬೆಲೆ ಕುಸಿದ ಒಳ್ಳೆಯ ಷೇರು ಕೊಳ್ಳಿ ಎಂದಿತ್ತು. ಬಲಗಡೆ ಇನ್ನೂ ಬೀಳುವ ಷೇರನ್ನು ಶಾರ್ಟ್ ಮಾಡಿ, ಅಂದರೆ ಎರವಲು ತಂದು ಮಾರಿ ಬೆಲೆ ಇಳಿದ ಮೇಲೆ ಕೊಂಡು ತೀರಿಸಿ, ಎಂದಿತ್ತು. ಹುಡುಗ ಪೆನ್ನಿನಲ್ಲಿ ಗೆರೆ ಎಳೆದಿದ್ದು ಬಲಗಡೆಗೆ. "ಚಿಕ್ಕಮ್ಮ, ಇದು ಬೇಗ ಆಗುತ್ತೆ ಅಲ್ವಾ?" ಎಂದು ಕೇಳಿದ.

ಅವನಿಗೆ ಕೊಟ್ಟ ಉತ್ತರವನ್ನೇ ನಿಮಗೂ ಬರೆಯುತ್ತಿದ್ದೇನೆ. ಉದ್ದವಾಗಿದೆ. ಆದರೂ ಆ ಪಟ್ಟಿಗೆ ಅರ್ಧ ಪುಟ ಕೊಟ್ಟ ನೀವು ಇದಕ್ಕೂ ಜಾಗ ಕೊಡುತ್ತೀರಿ ಎಂದು ನಂಬಿದ್ದೇನೆ.

ನಾನು 31 ವರ್ಷ ಕಂಪನಿಗಳ ಲೆಕ್ಕ ತಪಾಸಣೆಯ ಕೆಲಸ ಮಾಡಿದವಳು. ಷೇರುಪೇಟೆಯಲ್ಲಿ ನನ್ನದೇ ದುಡ್ಡು ಹಾಕಲು ಶುರು ಮಾಡಿದ್ದು ತಡವಾಗಿ. ಮೊದಲ ದಿನದಿಂದಲೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕೊಂಡ ದಿನ, ಬೆಲೆ, ಯಾಕೆ ಕೊಂಡೆ, ಯಾಕೆ ಮಾರಿದೆ, ಎಲ್ಲವೂ ಅದರಲ್ಲಿದೆ. ಲಾಭದ ವ್ಯವಹಾರಕ್ಕಿಂತ ನಷ್ಟದ ವ್ಯವಹಾರಕ್ಕೇ ಜಾಸ್ತಿ ಪುಟ ಹಿಡಿದಿದೆ. ಈ ಪತ್ರವನ್ನು ಆ ಪುಟಗಳನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ನನ್ನ ತಕರಾರು ಇಷ್ಟು. ಅಗ್ಗದ ಷೇರು ಕೊಳ್ಳುವುದನ್ನೂ ಶಾರ್ಟ್ ಮಾಡುವುದನ್ನೂ ಅಕ್ಕಪಕ್ಕ ಇಟ್ಟಾಗ ಅವು ಒಂದೇ ಕೆಲಸದ ಎರಡು ಬಗೆಯಂತೆ ಕಾಣುತ್ತವೆ. ಒಂದರಲ್ಲಿ ಬೆಲೆ ಏರಲಿ ಅಂತ ಕಾಯುತ್ತೀರಿ, ಇನ್ನೊಂದರಲ್ಲಿ ಇಳಿಯಲಿ ಅಂತ ಕಾಯುತ್ತೀರಿ, ಅಷ್ಟೇ ಅನಿಸುತ್ತದೆ. ಆದರೆ ಕಾಯುವುದರಲ್ಲೇ ಎಲ್ಲ ವ್ಯತ್ಯಾಸ ಇದೆ. ಸಾಲ ಮಾಡದೆ ಒಳ್ಳೆಯ ಷೇರು ಕೊಂಡವನನ್ನು ಎಷ್ಟು ದಿನ ಕಾಯುತ್ತೀಯಾ ಎಂದು ಯಾರೂ ಕೇಳುವುದಿಲ್ಲ. ಶಾರ್ಟ್ ಮಾಡಿದವನನ್ನು ದಿನಾ ಕೇಳುತ್ತಾರೆ.

ಮೊದಲು ಕೊಳ್ಳುವ ಮಾತು. ಇದು ಸುಲಭ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಲೇಖನದಲ್ಲಿ ಬೆಲೆ ಅರ್ಧಕ್ಕೆ ಇಳಿದ ಷೇರುಗಳನ್ನೆಲ್ಲ ಅಗ್ಗದ ಷೇರು ಎಂದು ಕರೆದಿದ್ದಾರೆ. ನನಗೆ ಬಹಳ ಬೇಜಾರಾದದ್ದು ಅಲ್ಲಿ. ನಿನ್ನೆಯ ಬೆಲೆಗೆ ಹೋಲಿಸಿ ಅಗ್ಗ ಎಂದರೆ ಅದಕ್ಕೆ ಅರ್ಥವೇ ಇಲ್ಲ. ಕಂಪನಿ ಗಳಿಸುವ ದುಡ್ಡು, ಕೈಯಲ್ಲಿರುವ ಆಸ್ತಿ, ತೀರಿಸಬೇಕಾದ ಸಾಲ, ಇವುಗಳಿಗೆ ಹೋಲಿಸಿ ಅಗ್ಗವೋ ಅಲ್ಲವೋ ಎಂದು ನೋಡಬೇಕು. ನಿನ್ನೆಯ ಬೆಲೆಯೇ ಹುಚ್ಚು ಬೆಲೆಯಾಗಿದ್ದರೆ ಅದರ ಅರ್ಧವೂ ದುಬಾರಿಯೇ.

ಹುಡುಗನಿಗೆ ಒಂದು ಸಣ್ಣ ಲೆಕ್ಕ ಮಾಡಿಸಿದೆ. 100 ಇದ್ದ ಷೇರು ಶೇ 80ರಷ್ಟು ಬಿದ್ದು 20ಕ್ಕೆ ಬಂದಿದೆ. ಇನ್ನೆಷ್ಟು ಬೀಳುತ್ತದೆ ಎಂದು ಕೊಂಡೆ. ಅದು ಶೇ 90ರಷ್ಟು ಬಿದ್ದ ಷೇರಾಗಲು 10ಕ್ಕೆ ಬರಬೇಕು. ಮೇಲಿನಿಂದ ನೋಡುವವರಿಗೆ ಬರೀ 10 ಅಂಶದ ಇಳಿತ. ನನಗೆ ಅರ್ಧ ದುಡ್ಡು ಹೋಯಿತು. ಅವನು ಕ್ಯಾಲ್ಕುಲೇಟರ್ ತೆಗೆದು ಎರಡು ಸಲ ಒತ್ತಿ ನೋಡಿದ.

1929ರಲ್ಲಿ ನಡೆದದ್ದೂ ಇದೇ. ಆ ವರ್ಷ ಸೆಪ್ಟೆಂಬರ್ 3ರಂದು ಅಮೆರಿಕದ ಷೇರುಪೇಟೆಯ ಡೌ ಜೋನ್ಸ್ ಸೂಚ್ಯಂಕ 381ರಲ್ಲಿತ್ತು. ನವೆಂಬರ್ ಹೊತ್ತಿಗೆ 199ಕ್ಕೆ ಕುಸಿಯಿತು. ಅಲ್ಲಿಂದ ಮತ್ತೆ ಏರಿ 1930ರ ಏಪ್ರಿಲ್‌ನಲ್ಲಿ 294 ಮುಟ್ಟಿತು. ಕೆಟ್ಟ ಕಾಲ ಮುಗಿಯಿತು ಎಂದುಕೊಂಡು ಅಗ್ಗದ ಷೇರು ಹುಡುಕಿ ಕೊಂಡವರು ಎಷ್ಟು ಜನರೋ. 1932ರ ಜುಲೈ 8ರಂದು ಸೂಚ್ಯಂಕ 41ಕ್ಕೆ ಬಂದು ನಿಂತಿತ್ತು. ಮತ್ತೆ 381 ದಾಟಿದ್ದು 1954ರಲ್ಲಿ. ಇದು ಹೆದರಿಸಲು ಹೇಳುವ ಕಥೆಯಲ್ಲ. ಬಿದ್ದದ್ದೆಲ್ಲ ಬೇಗ ಏಳುತ್ತದೆ ಎನ್ನುವ ನಂಬಿಕೆ 2020ರ ನಂತರ ನಮ್ಮ ಹುಡುಗರಲ್ಲಿ ಗಟ್ಟಿಯಾಗಿದೆ. ಆ ವರ್ಷ ಫೆಬ್ರವರಿ 19ರಿಂದ ಮಾರ್ಚ್ 23ರ ಒಳಗೆ ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕ ಶೇ 34ರಷ್ಟು ಬಿದ್ದು, ಆಗಸ್ಟ್ ಹೊತ್ತಿಗೆ ಮತ್ತೆ ಹಳೆಯ ಎತ್ತರಕ್ಕೆ ಬಂತು. ಅದನ್ನು ಕಂಡವರಿಗೆ ಎಲ್ಲ ಕುಸಿತವೂ ಐದಾರು ತಿಂಗಳ ಮಾತು ಎನಿಸುವುದು ಸಹಜ.

ನಾನೇ ಮೋಸ ಹೋದ ಒಂದು ಪುಟ ಇಲ್ಲಿದೆ. 2008ರ ಶುರುವಿನಲ್ಲಿ ಒಂದು ಲೋಹದ ಕಂಪನಿಯ ಷೇರು 90ಕ್ಕೆ ಕೊಂಡೆ. ಅದರ ಪಿಇ 5 ಇತ್ತು. ಅಂದರೆ ಒಂದು ಷೇರಿಗೆ ವರ್ಷಕ್ಕೆ ಬರುವ ಲಾಭದ ಐದು ಪಟ್ಟು ಬೆಲೆ, ಅಷ್ಟೇ. ಐದೇ ವರ್ಷದ ಲಾಭಕ್ಕೆ ಕಂಪನಿ ಸಿಗುತ್ತಿದೆ ಎಂದು ಖುಷಿಪಟ್ಟೆ. ಲೆಕ್ಕ ತಪಾಸಣೆ ಮಾಡುವವಳಿಗೆ ಆ ಲಾಭ ಎಲ್ಲಿಂದ ಬಂತು ಎಂದು ಹೊಳೆಯಬೇಕಿತ್ತು. ಲೋಹದ ಬೆಲೆ ಆಗ ನೆತ್ತಿಗೇರಿತ್ತು. ಆ ಲಾಭ ಒಂದು ಒಳ್ಳೆಯ ವರ್ಷದ ಲಾಭ, ಸಾಮಾನ್ಯ ವರ್ಷದ್ದಲ್ಲ. ಮರುವರ್ಷ ಲೋಹದ ಬೆಲೆ ಬಿತ್ತು, ಲಾಭ ಹೋಗಿ ನಷ್ಟ ಬಂತು. 45ಕ್ಕೆ ಬಂದಾಗ ಇನ್ನಷ್ಟು ಕೊಂಡು ನನ್ನ ಕೊಂಡ ಬೆಲೆಯ ಸರಾಸರಿ ಇಳಿಸಿದೆ. ಕೊನೆಗೆ 11ಕ್ಕೆ ಮಾರಿದೆ. ಏರಿಳಿತದ ವ್ಯಾಪಾರ ಮಾಡುವ ಕಂಪನಿಗಳ ಪಿಇ ಅತಿ ಕಡಿಮೆ ಕಾಣುವುದು ಅವುಗಳ ಲಾಭ ತುದಿಯಲ್ಲಿದ್ದಾಗ. ನಾನು ಇದನ್ನು ದುಡ್ಡು ಕೊಟ್ಟು ಕಲಿತೆ. ಈಗ ಅಂಥ ಕಂಪನಿಯಾದರೆ ಹತ್ತು ವರ್ಷದ ಲಾಭದ ಸರಾಸರಿ ತೆಗೆಯದೆ ಮುಂದೆ ಹೋಗುವುದಿಲ್ಲ.

ಪುಸ್ತಕದ ಮೌಲ್ಯವನ್ನು, ಅಂದರೆ ಲೆಕ್ಕದ ಪ್ರಕಾರ ಆಸ್ತಿಯಲ್ಲಿ ಸಾಲ ಕಳೆದು ಉಳಿಯುವ ಮೊತ್ತವನ್ನು, ನಂಬುವುದರಲ್ಲೂ ಅಷ್ಟೇ ಅಪಾಯ ಇದೆ. 2008ರ ಮಾರ್ಚ್‌ನಲ್ಲಿ ಅಮೆರಿಕದ ಬೇರ್ ಸ್ಟರ್ನ್ಸ್ ಎಂಬ ಹೂಡಿಕೆ ಬ್ಯಾಂಕ್ ಮುಳುಗಿದಾಗ ಅದರ ಲೆಕ್ಕದ ಪುಸ್ತಕದಲ್ಲಿ ಒಂದೊಂದು ಷೇರಿಗೆ 80 ಡಾಲರ್‌ಗೂ ಹೆಚ್ಚು ಮೌಲ್ಯ ಇತ್ತು. ಜೆಪಿ ಮಾರ್ಗನ್ ಬ್ಯಾಂಕ್ ಅದನ್ನು ಕೊಳ್ಳಲು ಮೊದಲು ಒಪ್ಪಿದ್ದು ಷೇರಿಗೆ 2 ಡಾಲರ್‌ಗೆ. ಆಮೇಲೆ 10 ಡಾಲರ್ ಆಯಿತು. ಪುಸ್ತಕದಲ್ಲಿ ಆಸ್ತಿ ಎಷ್ಟೇ ಇರಲಿ, ಸಾಲ ಕೊಟ್ಟವರು ನಾಳೆ ಬೆಳಗ್ಗೆಯೇ ವಾಪಸ್ ಕೇಳುವಂತಿದ್ದರೆ ಆ ಆಸ್ತಿ ಯಾವ ಕೆಲಸಕ್ಕೂ ಬರುವುದಿಲ್ಲ. ಹಾಗಾಗಿ ಬೀಳುವ ಪೇಟೆಯಲ್ಲಿ ನಾನು ಮೊದಲು ತೆರೆಯುವುದು ಲಾಭ ನಷ್ಟದ ಪುಟವನ್ನಲ್ಲ. ಸಾಲದ ಪುಟವನ್ನು. ಒಂದು ವರ್ಷದೊಳಗೆ ತೀರಿಸಬೇಕಾದ ಸಾಲ ಎಷ್ಟು, ಕೈಯಲ್ಲಿ ನಗದು ಎಷ್ಟು, ವ್ಯಾಪಾರ ಅರ್ಧಕ್ಕೆ ಇಳಿದರೂ ಬಡ್ಡಿ ಕಟ್ಟಲು ಆಗುತ್ತದೆಯೇ. ಇಷ್ಟು ನೋಡಿದರೆ ಮುಕ್ಕಾಲು ಪಾಲು ಅಗ್ಗದ ಷೇರುಗಳು ಪಟ್ಟಿಯಿಂದ ಉದುರಿ ಹೋಗುತ್ತವೆ. ಉಳಿದವುಗಳಲ್ಲಿ ಲಾಭ ಕಾಗದದ ಮೇಲೆ ಮಾತ್ರ ಇದೆಯೋ, ನಗದಾಗಿ ಬಂದಿದೆಯೋ ನೋಡುತ್ತೇನೆ. ಮಾರಾಟ ಏರುತ್ತಾ ಹೋಗಿ, ಗಿರಾಕಿಗಳಿಂದ ಬರಬೇಕಾದ ಬಾಕಿ ಅದಕ್ಕಿಂತ ಜೋರಾಗಿ ಏರುತ್ತಿದ್ದರೆ ಅಲ್ಲಿಗೇ ಪುಸ್ತಕ ಮುಚ್ಚುತ್ತೇನೆ.

ಹಾಗೆ ಸೋಸಿ ಉಳಿದ ಒಂದು ಕಂಪನಿಯನ್ನು 2008ರ ನವೆಂಬರ್‌ನಲ್ಲಿ ಕೊಂಡೆ. ಒಮ್ಮೆ 140 ಇದ್ದ ಷೇರು 62ಕ್ಕೆ ಸಿಕ್ಕಿತು. ಸಾಲ ಇಲ್ಲ ಎನ್ನುವಷ್ಟು ಕಡಿಮೆ. ಷೇರಿಗೆ 25ರಷ್ಟು ನಗದೇ ಇತ್ತು. 2009ರ ಮಾರ್ಚ್ ಹೊತ್ತಿಗೆ ಅದು 38ಕ್ಕೆ ಬಂತು. ಆ ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ಆದರೆ ಯಾರೂ ಬಾಗಿಲು ಬಡಿಯಲಿಲ್ಲ. ಇನ್ನಷ್ಟು ದುಡ್ಡು ಕಟ್ಟು ಎಂದು ಯಾರೂ ಫೋನ್ ಮಾಡಲಿಲ್ಲ. ಲಾಭಾಂಶ ಮಾತ್ರ ಬಂತು. ಎರಡನೇ ವರ್ಷದಲ್ಲಿ ಷೇರು 62 ದಾಟಿತು. 2013ರಲ್ಲಿ 171ಕ್ಕೆ ಮಾರಿದೆ. ಕೊಂಡ ಬೆಲೆಗಿಂತ ಶೇ 39ರಷ್ಟು ಕೆಳಗೆ ಹೋಗಿದ್ದರೂ ನನ್ನ ನಿರ್ಧಾರ ಉಳಿಯಿತು. ಕಾಯಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ದೊಡ್ಡವರಿಗೂ ಹೀಗೇ ಆಗಿದೆ. ಅಮೆರಿಕದ ಹೂಡಿಕೆದಾರ ವಾರೆನ್ ಬಫೆಟ್ ಅವರ ಕಂಪನಿ ಬರ್ಕ್‌ಶೈರ್ ಹ್ಯಾಥವೇ 1973ರಲ್ಲಿ ವಾಷಿಂಗ್ಟನ್ ಪೋಸ್ಟ್ ಕಂಪನಿಯ ಷೇರುಗಳನ್ನು ಸುಮಾರು 1.06 ಕೋಟಿ ಡಾಲರ್ ಕೊಟ್ಟು ಕೊಂಡಿತು. ಕಂಪನಿಯ ನಿಜವಾದ ಬೆಲೆಯ ಕಾಲು ಭಾಗಕ್ಕೆ ಸಿಕ್ಕಿತು ಎಂಬುದು ಬಫೆಟ್ ಅವರ ಲೆಕ್ಕ. 1974ರ ಕೊನೆಗೆ ಆ ಷೇರುಗಳ ಪೇಟೆ ಬೆಲೆ ಸುಮಾರು 80 ಲಕ್ಷ ಡಾಲರ್‌ಗೆ ಇಳಿದಿತ್ತು. ಅವರು ಮಾರಲಿಲ್ಲ. ಮುಂದೆ ಅದು ಎಷ್ಟೋ ಪಟ್ಟಾಯಿತು. ಕಾಲು ಬೆಲೆಗೆ ಕೊಂಡ ಷೇರೂ ಕೆಳಗೆ ಹೋಗುತ್ತದೆ ಎಂಬುದನ್ನು ಅಕ್ಕನ ಮಗನಿಗೆ ನಾನು ಒತ್ತಿ ಹೇಳಿದೆ. ತಳ ಎಲ್ಲಿದೆ ಎಂದು ಯಾರಿಗೂ ಮುಂಚೆ ಗೊತ್ತಾಗುವುದಿಲ್ಲ. ಅದಕ್ಕೇ ಇರುವ ದುಡ್ಡನ್ನೆಲ್ಲ ಒಂದೇ ದಿನ ಹಾಕಬಾರದು. ಮೂರೋ ನಾಲ್ಕೋ ಕಂತಿನಲ್ಲಿ ಕೊಳ್ಳಬೇಕು.

ಈಗ ಬಲಗಡೆಯ ಕಾಲಂ.

ಶಾರ್ಟ್ ಸೆಲ್ಲಿಂಗ್ ಎಂದರೆ ನಮ್ಮದಲ್ಲದ ಷೇರನ್ನು ಬ್ರೋಕರ್ ಮೂಲಕ ಯಾರಿಂದಲೋ ಎರವಲು ತಂದು ಇವತ್ತಿನ ಬೆಲೆಗೆ ಮಾರುವುದು. ಬೆಲೆ ಇಳಿದ ಮೇಲೆ ಕೊಂಡು ವಾಪಸ್ ಕೊಡುವುದು. 100ಕ್ಕೆ ಮಾರಿ 70ಕ್ಕೆ ಕೊಂಡರೆ 30 ನಮ್ಮದು. ಯಾರು, ಯಾವ ಬಗೆಯಲ್ಲಿ, ಎಷ್ಟು ದಿನಕ್ಕೆ ಹೀಗೆ ಮಾಡಬಹುದು ಎಂಬ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ರೀತಿ ಇದೆ. ಕೆಲವು ಕಡೆ ಸಾಮಾನ್ಯ ಜನ ಇದನ್ನು ಫ್ಯೂಚರ್ಸ್ ಮೂಲಕ, ಅಂದರೆ ಮುಂದಿನ ದಿನಾಂಕದ ವ್ಯವಹಾರಕ್ಕೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದದ ಮೂಲಕ, ಮಾಡುತ್ತಾರೆ. ಒಳಗಿನ ಲೆಕ್ಕ ಒಂದೇ. ನಿಮ್ಮ ಲೇಖನದಲ್ಲಿ ಇಷ್ಟೇ ಬಂದಿದೆ. ಬಾರದೆ ಉಳಿದದ್ದನ್ನು ನಾನು ಹೇಳುತ್ತೇನೆ.

ಎರವಲಿಗೆ ಬಾಡಿಗೆ ಇದೆ. ಎಲ್ಲರೂ ಶಾರ್ಟ್ ಮಾಡಲು ಮುಗಿಬಿದ್ದ ಷೇರಿಗೆ ಬಾಡಿಗೆ ತುಂಬಾ ಜಾಸ್ತಿ. ನಡುವೆ ಕಂಪನಿ ಲಾಭಾಂಶ ಕೊಟ್ಟರೆ ಅದನ್ನೂ ನಾವು ನಮ್ಮ ಜೇಬಿನಿಂದ ಷೇರಿನ ಮಾಲೀಕರಿಗೆ ತುಂಬಬೇಕು. ಜೊತೆಗೆ ಮಾರ್ಜಿನ್ ಎಂದು ಒತ್ತೆ ಹಣ ಇಟ್ಟಿರಬೇಕು. ಬೆಲೆ ಏರಿದಂತೆಲ್ಲ ಅದನ್ನು ಹೆಚ್ಚಿಸುತ್ತಾ ಹೋಗಬೇಕು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ ಎಂಬ ಮಾತು ಇಲ್ಲಿ ನಡೆಯುವುದೇ ಇಲ್ಲ. ಷೇರು ಎರವಲು ಕೊಟ್ಟವನು ನಡುವೆಯೇ ವಾಪಸ್ ಕೇಳಬಹುದು. ಆಗ ಬೇರೆ ಎರವಲು ಸಿಗದಿದ್ದರೆ ಏನು ಬೆಲೆ ಇದೆಯೋ ಆ ಬೆಲೆಗೆ ಕೊಂಡು ಕೊಡಬೇಕು.

ಕೊಂಡ ಷೇರು 100ರಿಂದ ಸೊನ್ನೆಗೆ ಹೋದರೆ ನಷ್ಟ 100. ಅದಕ್ಕಿಂತ ಒಂದು ಪೈಸೆ ಜಾಸ್ತಿ ಹೋಗುವುದಿಲ್ಲ. 100ಕ್ಕೆ ಶಾರ್ಟ್ ಮಾಡಿದ ಷೇರು 400ಕ್ಕೆ ಹೋದರೆ ನಷ್ಟ 300. ಲಾಭಕ್ಕೆ ಮೇಲಿನ ಮಿತಿ ಇದೆ, ನಷ್ಟಕ್ಕೆ ಇಲ್ಲ. ಇದನ್ನು ಎಲ್ಲರೂ ಹೇಳುತ್ತಾರೆ. ಇನ್ನೊಂದು ವಿಷಯವನ್ನು ಅಷ್ಟಾಗಿ ಹೇಳುವುದಿಲ್ಲ. ಕೊಂಡ ಷೇರಿನಲ್ಲಿ ನಮ್ಮ ಅಂದಾಜು ತಪ್ಪಿದರೆ ಆ ಷೇರು ನಮ್ಮ ಒಟ್ಟು ಹಣದಲ್ಲಿ ಚಿಕ್ಕದಾಗುತ್ತಾ ಹೋಗುತ್ತದೆ. ಶಾರ್ಟ್‌ನಲ್ಲಿ ಅಂದಾಜು ತಪ್ಪಿದರೆ ಅದು ದೊಡ್ಡದಾಗುತ್ತಾ ಹೋಗುತ್ತದೆ. ಶುರುವಿನಲ್ಲಿ ಹತ್ತರಲ್ಲಿ ಒಂದು ಭಾಗ ಇದ್ದ ಬಾಕಿ ನೋಡನೋಡುತ್ತಾ ಕಾಲು ಭಾಗವಾಗುತ್ತದೆ. ತಪ್ಪು ಬೆಳೆಯುತ್ತಿರುವಾಗ ತಲೆ ತಣ್ಣಗಿಟ್ಟುಕೊಳ್ಳುವುದು ಬಲು ಕಷ್ಟ.

ಇದನ್ನು ನಾನು ಓದಿ ಬರೆಯುತ್ತಿಲ್ಲ. 2008ರ ಅಕ್ಟೋಬರ್ ಎರಡನೇ ವಾರದಲ್ಲಿ ಒಂದು ಕಂಪನಿಯನ್ನು ಶಾರ್ಟ್ ಮಾಡಿದೆ. ಅದರ ಸಾಲದ ಪುಟ ನೋಡಿದ್ದೆ. ಮುಂದಿನ ವರ್ಷ ತೀರಿಸಬೇಕಾದ ಸಾಲಕ್ಕೆ ಅವರಲ್ಲಿ ದುಡ್ಡಿರಲಿಲ್ಲ. 210 ಇದ್ದ ಷೇರು ಆಗಲೇ 80ಕ್ಕೆ ಬಂದಿತ್ತು. 80ಕ್ಕೆ ಮಾರಿದೆ. ಆ ಸೋಮವಾರ, ಅಕ್ಟೋಬರ್ 13ರಂದು, ಡೌ ಜೋನ್ಸ್ ಒಂದೇ ದಿನ 936 ಅಂಶ ಏರಿತು. ಶೇ 11ರಷ್ಟು. ಪೇಟೆಯ ಅತಿ ಜೋರಿನ ಏರಿಕೆಗಳು ಬರುವುದು ಹೀಗೆ, ದೊಡ್ಡ ಕುಸಿತದ ನಡುವೆಯೇ. ನನ್ನ ಷೇರು ಅದರ ಜೊತೆ ಜಿಗಿಯಿತು. ಆರು ದಿನಗಳಲ್ಲಿ 118. ಮೊದಲ ದಿನ ಬ್ರೋಕರ್ ಕಡೆಯಿಂದ ಫೋನ್ ಬಂತು, ಮಾರ್ಜಿನ್ ತುಂಬಿದೆ. ಮೂರನೇ ದಿನ ಮತ್ತೆ ಬಂತು, ಮತ್ತೆ ತುಂಬಿದೆ. ಆರನೇ ದಿನ ನನ್ನ ಹತ್ತಿರ ತುಂಬಲು ಇರಲಿಲ್ಲ. 118ಕ್ಕೆ ಕೊಂಡು ಮುಗಿಸಿದೆ. ಮರುವರ್ಷ ಫೆಬ್ರವರಿಯಲ್ಲಿ ಆ ಷೇರು 31ರಲ್ಲಿತ್ತು.

ನೋಟ್‌ಬುಕ್‌ನಲ್ಲಿ ಆ ಪುಟದ ಕೆಳಗೆ ಒಂದೇ ಸಾಲು ಇದೆ: ಲೆಕ್ಕ ಸರಿ ಇತ್ತು, ಅಷ್ಟು ದಿನ ನಿಲ್ಲಲು ದುಡ್ಡು ಇರಲಿಲ್ಲ. ಆ ಲೋಹದ ಷೇರಿನಲ್ಲಿ ನನ್ನ ಲೆಕ್ಕವೇ ತಪ್ಪಿತ್ತು, ಅದಕ್ಕೆ ನಷ್ಟವಾಯಿತು, ಒಪ್ಪಿಕೊಂಡೆ. ಇಲ್ಲಿ ಲೆಕ್ಕ ಸರಿಯಿದ್ದೂ ನಷ್ಟವಾಯಿತು. ಇದನ್ನು ಒಪ್ಪಿಕೊಳ್ಳಲು ನನಗೆ ವರ್ಷಗಳೇ ಬೇಕಾದವು.

ಅದೇ ತಿಂಗಳು ಜರ್ಮನಿಯಲ್ಲಿ ನಡೆದದ್ದು ಇದಕ್ಕಿಂತ ಎಷ್ಟೋ ದೊಡ್ಡದು. ಇಡೀ ಪೇಟೆ ಕುಸಿಯುತ್ತಿತ್ತು. ಕಾರು ಕಂಪನಿ ಫೋಕ್ಸ್‌ವ್ಯಾಗನ್‌ನ ಷೇರು ದುಬಾರಿ ಎಂದು ದೊಡ್ಡ ದೊಡ್ಡ ಫಂಡುಗಳು ಶಾರ್ಟ್ ಮಾಡಿದ್ದವು. ಅಕ್ಟೋಬರ್ 26, ಭಾನುವಾರ. ಇನ್ನೊಂದು ಕಾರು ಕಂಪನಿ ಪೋರ್ಶೆ ಒಂದು ಹೇಳಿಕೆ ಕೊಟ್ಟಿತು. ತನ್ನ ಬಳಿ ಫೋಕ್ಸ್‌ವ್ಯಾಗನ್‌ನ ಶೇ 42.6ರಷ್ಟು ಷೇರು ಇದೆ, ಇನ್ನು ಶೇ 31.5ರಷ್ಟಕ್ಕೆ ಆಪ್ಷನ್, ಅಂದರೆ ಮೊದಲೇ ಗೊತ್ತುಮಾಡಿದ ಬೆಲೆಯ ಮೇಲೆ ಹಕ್ಕು ಕೊಡುವ ಒಪ್ಪಂದ, ಇದೆ ಎಂದಿತು. ಲೋವರ್ ಸ್ಯಾಕ್ಸನಿ ರಾಜ್ಯ ಸರ್ಕಾರದ ಬಳಿ ಶೇ 20ಕ್ಕಿಂತ ಸ್ವಲ್ಪ ಹೆಚ್ಚು ಇತ್ತು. ಕೂಡಿಸಿ ಕಳೆದರೆ ಪೇಟೆಯಲ್ಲಿ ಸಿಗುವ ಷೇರು ಶೇ 6ಕ್ಕಿಂತ ಕಡಿಮೆ. ಶಾರ್ಟ್ ಮಾಡಿದವರು ವಾಪಸ್ ಕೊಡಬೇಕಾದದ್ದು ಅದಕ್ಕಿಂತ ಜಾಸ್ತಿ. ಶುಕ್ರವಾರ 210 ಯೂರೊ ಆಸುಪಾಸಿನಲ್ಲಿದ್ದ ಷೇರು ಮಂಗಳವಾರ 1,000 ಯೂರೊ ದಾಟಿತು. ಸ್ವಲ್ಪ ಹೊತ್ತು ಅದು ಜಗತ್ತಿನ ಅತಿ ಬೆಲೆಬಾಳುವ ಕಂಪನಿಯಾಗಿತ್ತು. ಆಮೇಲೆ ಬೆಲೆ ಇಳಿಯಿತು, ನಿಜ. ಅಷ್ಟು ಹೊತ್ತಿಗೆ ಸಿಕ್ಕ ಬೆಲೆಗೆ ಕೊಂಡು ಬಾಕಿ ತೀರಿಸಿದವರ ದುಡ್ಡು ವಾಪಸ್ ಬರಲಿಲ್ಲ.

"ಹಾಗಾದರೆ ಶಾರ್ಟ್ ಮಾಡಿ ಗೆದ್ದವರು ಇಲ್ಲವೇ ಇಲ್ವಾ?" ಎಂದು ಹುಡುಗ ಕೇಳಿದ. ಇದ್ದಾರೆ. ನಾನು ಅವನಿಗೆ ಹೆಸರಾಂತ ಹೂಡಿಕೆದಾರ ಜಾನ್ ಟೆಂಪಲ್‌ಟನ್ ಅವರ ಬಗ್ಗೆ ಹೇಳಿದೆ. ಯಾಕೆಂದರೆ ಅವರು ನಿಮ್ಮ ಪಟ್ಟಿಯ ಎರಡೂ ಕಾಲಂನ ಕೆಲಸ ಮಾಡಿದವರು. ನಡುವೆ 60 ವರ್ಷದ ಅಂತರ ಇತ್ತು, ಅಷ್ಟೇ. 1939ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾದಾಗ ಅವರು ಒಂದು ಡಾಲರ್‌ಗಿಂತ ಕಡಿಮೆ ಬೆಲೆಯ 104 ಕಂಪನಿಗಳ ಷೇರುಗಳನ್ನು, ಒಂದೊಂದರಲ್ಲೂ 100 ಡಾಲರ್‌ನಷ್ಟು ಕೊಂಡರು. ಅವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಆಗಲೇ ದಿವಾಳಿಯಾಗಿದ್ದ ಕಂಪನಿಗಳು. ಸರಾಸರಿ ನಾಲ್ಕು ವರ್ಷ ಇಟ್ಟುಕೊಂಡರು. ಹಾಕಿದ ಹಣ ಸುಮಾರು ನಾಲ್ಕು ಪಟ್ಟಾಯಿತು. ಒಂದೆರಡು ಕಂಪನಿ ಆರಿಸುವ ಬದಲು 104 ಕೊಂಡರು ಎನ್ನುವುದನ್ನು ಗಮನಿಸಬೇಕು. ಅವರು ಅದಕ್ಕೆ ಸಾಲ ಮಾಡಿದ್ದರು. ಆ ಒಂದು ಭಾಗವನ್ನು ಮಾತ್ರ ನಾನು ಯಾರಿಗೂ ಅನುಸರಿಸಲು ಹೇಳುವುದಿಲ್ಲ.

2000ರಲ್ಲಿ, 87ನೇ ವಯಸ್ಸಿನಲ್ಲಿ, ಅವರು 84 ತಂತ್ರಜ್ಞಾನ ಕಂಪನಿಗಳನ್ನು ಶಾರ್ಟ್ ಮಾಡಿದರು. ಹೊಸದಾಗಿ ಪೇಟೆಗೆ ಬಂದ ಕಂಪನಿಗಳ ಒಳಗಿನವರು ಇಷ್ಟು ತಿಂಗಳು ಷೇರು ಮಾರಬಾರದು ಎಂಬ ಕಟ್ಟುಪಾಡು ಇರುತ್ತದೆ. ಆ ಅವಧಿ ಮುಗಿದ ಕೂಡಲೇ ಒಳಗಿನವರೇ ಮಾರಲು ನುಗ್ಗುತ್ತಾರೆ ಎಂದು ಲೆಕ್ಕ ಹಾಕಿ, ಅವಧಿ ಮುಗಿಯುವ ಸ್ವಲ್ಪ ಮುಂಚೆ ಮಾರಿದರು. ತಂತ್ರಜ್ಞಾನ ಕಂಪನಿಗಳೇ ಹೆಚ್ಚಿರುವ ಅಮೆರಿಕದ ನಾಸ್ಡಾಕ್ ಸೂಚ್ಯಂಕ ಆ ಮಾರ್ಚ್‌ನಲ್ಲಿ 5,048ಕ್ಕೆ ಏರಿ, 2002ರ ಅಕ್ಟೋಬರ್‌ನಲ್ಲಿ 1,114ಕ್ಕೆ ಬಂತು. ಅವರು ಶಾರ್ಟ್ ಮಾಡಿದ್ದು ಬೆಲೆ ಮುಗಿಲಿಗೇರಿದ್ದಾಗ. ಎಲ್ಲರೂ ಕೊಳ್ಳುತ್ತಿದ್ದಾಗ. ಇಂಥ ದಿನ ಬೆಲೆ ಬೀಳಲು ಇಂಥ ಕಾರಣ ಇದೆ ಎಂದು ಗೊತ್ತಿದ್ದಾಗ. ನಿಮ್ಮ ಲೇಖನ ಹೇಳುತ್ತಿರುವುದು ಆಗಲೇ ಅರ್ಧಕ್ಕೆ ಇಳಿದ, ಎಲ್ಲರೂ ಹೆದರಿ ಮಾರುತ್ತಿರುವ ಷೇರನ್ನು ಶಾರ್ಟ್ ಮಾಡಲು. ನಾನು 80ಕ್ಕೆ ಮಾಡಿದ್ದೂ ಅದನ್ನೇ. ಅಲ್ಲಿಂದ ಸಿಗಬಹುದಾದ ಲಾಭ ಎಲ್ಲ ಸೇರಿ 80. ಕಳೆದುಕೊಳ್ಳಲು ಮಿತಿಯೇ ಇಲ್ಲ. ಇಳಿಯುವ ಪೇಟೆಯಲ್ಲಿ ಶಾರ್ಟ್ ಮಾಡುವುದು ಸಹಜ ಎನಿಸುತ್ತದೆ, ಆದರೆ ಅದಕ್ಕೆ ಸರಿಯಾದ ಹೊತ್ತು ಬಹುಪಾಲು ಅಷ್ಟರಲ್ಲಿ ಮುಗಿದಿರುತ್ತದೆ.

ಪುಟ್ ಆಪ್ಷನ್, ಅಂದರೆ ಗೊತ್ತುಮಾಡಿದ ಬೆಲೆಗೆ ಷೇರು ಮಾರುವ ಹಕ್ಕು, ಕೊಂಡರೆ ನಷ್ಟಕ್ಕೆ ಮಿತಿ ಇದೆಯಲ್ಲ ಎಂದು ಕೆಲವರು ಹೇಳಬಹುದು. ಹೌದು, ಆ ಹಕ್ಕಿಗೆ ಕೊಟ್ಟ ಬೆಲೆ, ಅಂದರೆ ಪ್ರೀಮಿಯಂ, ಮಾತ್ರ ಹೋಗುತ್ತದೆ. ಆದರೆ ಪೇಟೆ ಬೀಳುತ್ತಿರುವಾಗ ಎಲ್ಲರಿಗೂ ಅದೇ ಬೇಕು, ಹಾಗಾಗಿ ಪ್ರೀಮಿಯಂ ದುಬಾರಿಯಾಗಿರುತ್ತದೆ. ಅದಕ್ಕೂ ಕೊನೆಯ ದಿನ ಎಂಬುದಿದೆ. ಮತ್ತೆ ಅದೇ ಮಾತು, ಕಾಯಲು ಕಾಲ ಇರುವುದಿಲ್ಲ.

ಇಷ್ಟು ಬರೆದದ್ದು ನೋಡಿ ಶಾರ್ಟ್ ಮಾಡುವವರನ್ನು ನಾನು ದ್ವೇಷಿಸುತ್ತೇನೆ ಎಂದುಕೊಳ್ಳಬೇಡಿ. ನಿಮ್ಮ ಲೇಖನದ ಮರುದಿನವೇ ಇದೇ ಅಂಕಣದಲ್ಲಿ ಒಬ್ಬ ಓದುಗರು ಶಾರ್ಟ್ ಸೆಲ್ಲಿಂಗ್ ಅನ್ನೇ ನಿಷೇಧಿಸಿ ಎಂದು ಬರೆದಿದ್ದರು. ಅದನ್ನೂ ನಾನು ಒಪ್ಪುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗುತ್ತದೆ. ಈ ಬೇಡಿಕೆ ಹೊಸದೂ ಅಲ್ಲ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಐಸಾಕ್ ಲ ಮೇರ್ ಮುನಿಸಿಕೊಂಡು ಹೊರಬಂದು, 1609ರಲ್ಲಿ ಜೊತೆಗಾರರ ಗುಂಪು ಕಟ್ಟಿ, ಕೈಯಲ್ಲಿಲ್ಲದ ಷೇರುಗಳನ್ನು ಮುಂದಿನ ದಿನಾಂಕಕ್ಕೆ ಮಾರಿದರು. 1610ರಲ್ಲೇ ಅದಕ್ಕೆ ನಿಷೇಧ ಬಂತು. 2008ರ ಸೆಪ್ಟೆಂಬರ್ 19ರಂದು ಅಮೆರಿಕ 799 ಹಣಕಾಸು ಕಂಪನಿಗಳ ಶಾರ್ಟ್ ಸೆಲ್ಲಿಂಗ್ ನಿಲ್ಲಿಸಿತು. ಹತ್ತೇ ದಿನಕ್ಕೆ, ನಿಷೇಧ ಇರುವಾಗಲೇ, ಡೌ ಜೋನ್ಸ್ 777 ಅಂಶ ಬಿತ್ತು.

ವೈರ್‌ಕಾರ್ಡ್ ಕಥೆಯನ್ನಂತೂ ಪತ್ರಿಕೆಯವರು ಮರೆಯಲೇಬಾರದು. ಜರ್ಮನಿಯ ಆ ಪಾವತಿ ಕಂಪನಿಯ ಲೆಕ್ಕ ಸುಳ್ಳು ಎಂದು ಶಾರ್ಟ್ ಮಾಡಿದವರು ಹೇಳುತ್ತಿದ್ದರು. ಬ್ರಿಟನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯ ವರದಿಗಾರರು ದಾಖಲೆ ಸಮೇತ ಬರೆದರು. 2019ರ ಫೆಬ್ರವರಿಯಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಬಾಫಿನ್ ಆ ಷೇರನ್ನು ಶಾರ್ಟ್ ಮಾಡುವುದನ್ನು ಎರಡು ತಿಂಗಳು ನಿಷೇಧಿಸಿತು. ಏಪ್ರಿಲ್‌ನಲ್ಲಿ ಪತ್ರಕರ್ತರ ಮೇಲೇ ದೂರು ಕೊಟ್ಟಿತು. 2020ರ ಜೂನ್‌ನಲ್ಲಿ 190 ಕೋಟಿ ಯೂರೊ ಹಣ ಬಹುಶಃ ಇಲ್ಲವೇ ಇಲ್ಲ ಎಂದು ಕಂಪನಿಯೇ ಒಪ್ಪಿಕೊಂಡು ದಿವಾಳಿಯಾಯಿತು. ನಿಷೇಧವನ್ನು ನಂಬಿ ಆ ಷೇರು ಕೊಂಡ ಸಾಮಾನ್ಯ ಜನರ ಬಗ್ಗೆ ಯೋಚಿಸಿದರೆ ನನಗೆ ಈಗಲೂ ಸಂಕಟವಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಸುಳ್ಳು ಇದ್ದಾಗ ಅದನ್ನು ಹುಡುಕಲು ದುಡ್ಡು ಪಣಕ್ಕಿಟ್ಟು ಕೂರುವವರು ಬೇಕು. ನಾನು ಕೆಲಸದಲ್ಲಿದ್ದಾಗ ನನ್ನ ಕಣ್ಣು ತಪ್ಪಿಸಿದ ಸುಳ್ಳುಗಳೂ ಇದ್ದವು, ಹಾಗಾಗಿ ಇದನ್ನು ಮನಸಾರೆ ಹೇಳುತ್ತಿದ್ದೇನೆ. ಆದರೆ ಅದು ತಿಂಗಳುಗಟ್ಟಲೆ ಒಂದೇ ಕಂಪನಿಯನ್ನು ಅಗೆಯುವವರ, ಆರು ದಿನವಲ್ಲ, ಎರಡು ವರ್ಷ ಮಾರ್ಜಿನ್ ತುಂಬುವ ಶಕ್ತಿ ಇರುವವರ ಕೆಲಸ. ಸಂಬಳದಲ್ಲಿ ಉಳಿಸಿದ ದುಡ್ಡು ಹಿಡಿದುಕೊಂಡು ಪೇಪರ್ ಓದಿ ಬರುವ ಹುಡುಗನ ಕೆಲಸ ಅಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಆ ಪಟ್ಟಿಯನ್ನು ಮತ್ತೊಮ್ಮೆ ಅಚ್ಚು ಹಾಕಿ. ಎರಡೂ ಕಾಲಂಗೆ ಮೂರು ಸಾಲು ಸೇರಿಸಿ: ಅತಿ ಹೆಚ್ಚು ಎಂದರೆ ಎಷ್ಟು ಹೋಗಬಹುದು, ಕಾಯಲು ದಿನಕ್ಕೆ ಎಷ್ಟು ಖರ್ಚು, ನಮ್ಮನ್ನು ಅರ್ಧದಲ್ಲಿ ಎಬ್ಬಿಸುವ ಹಕ್ಕು ಯಾರಿಗಿದೆ. ಇಷ್ಟು ಇದ್ದರೆ ಓದುಗರು ತಾವೇ ನೋಡಿಕೊಳ್ಳುತ್ತಾರೆ. ಲೇಖನ ಬರೆದವರ ಮೇಲೆ ನನಗೆ ಕೋಪ ಇಲ್ಲ. ಜಾಗ ಕಡಿಮೆ ಇದ್ದಿರಬಹುದು.

ಅಕ್ಕನ ಮಗ ಆವತ್ತು ಸಂಜೆ ಶಾರ್ಟ್ ಮಾಡಬೇಕೆಂದಿದ್ದ ಕಂಪನಿಯ ವಾರ್ಷಿಕ ವರದಿಯನ್ನು ಫೋನಿನಲ್ಲಿ ತೆರೆದ. ನಾವಿಬ್ಬರೂ ಸೇರಿ ಸಾಲದ ಪುಟ ಹುಡುಕಿದೆವು. ಅವನು ಅಂದುಕೊಂಡಿದ್ದಕ್ಕಿಂತ ಸಾಲ ಎಷ್ಟೋ ಕಡಿಮೆ ಇತ್ತು. "ಹಾಗಾದರೆ ಇದು ಎಡಗಡೆಯ ಕಾಲಂಗೆ ಬರುತ್ತಾ?" ಎಂದು ಕೇಳಿದ. ಇನ್ನೂ ಗೊತ್ತಿಲ್ಲ, ಬರಬೇಕಾದ ಬಾಕಿ ನೋಡಬೇಕು, ಹತ್ತು ವರ್ಷದ ಲಾಭ ಬರೆಯಬೇಕು ಎಂದೆ. ಈ ಭಾನುವಾರ ಹಳೆಯ ವರದಿಗಳನ್ನು ತರುತ್ತಾನೆ. ಅಷ್ಟರೊಳಗೆ ನಿಮ್ಮ ತಿದ್ದಿದ ಪಟ್ಟಿ ಬಂದರೆ ಅವನು ಕತ್ತರಿಸಿ ತಂದ ಪಟ್ಟಿಯ ಪಕ್ಕದಲ್ಲೇ ಅದನ್ನೂ ನನ್ನ ನೋಟ್‌ಬುಕ್‌ನಲ್ಲಿ ಅಂಟಿಸುತ್ತೇನೆ. ಜಾಗ ಬಿಟ್ಟಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲೆಕ್ಕ ತಪಾಸಕಿ